ಮಾಗಿದ ಹಣ್ಣಿನ ವಾಸನೆ

ಮಗಳ ಸೊಂಟಕ್ಕೆ ಡಾಬು ಕಟ್ಟುತ್ತಿದ್ದ ಲತಾಶ್ರೀಗೆ ಎಲ್ಲೋ ಹಣ್ಣು ಕೊಳೆಯುತ್ತಿರುವ ವಾಸನೆ ಬಂತು. ಅಮೆರಿಕದ ನೇಪರ್‌ವಿಲ್‌ನ ಆ ಗ್ರೀನ್ ರೂಮಿನಲ್ಲಿ ನಟರಾಜನ ಮುಂದೆ ಒಂದು ತಟ್ಟೆ ತುಂಬ ಹಣ್ಣಿತ್ತು. “ವಸುಧಾ, ಅದನ್ನ ಆಚೆ ಇಡ್ತೀರಾ? ಮಾವಿನಹಣ್ಣು ಕೊಳೆತಿರೋ ಹಾಗಿದೆ” ಎಂದಳು. ಗೆಳತಿ ನಗುತ್ತ ಹಣ್ಣೊಂದನ್ನು ಉಗುರಿನಿಂದ ತಟ್ಟಿದಳು. ಟೊಳ್ಳು ಸದ್ದು ಬಂತು. “ಪ್ಲಾಸ್ಟಿಕ್ ಕಣ್ರೀ. ಈ ಹಾಲ್‌ನಲ್ಲಿ ತಿನ್ನೋದು ತರೋ ಹಾಗಿಲ್ವಲ್ಲ.” ಆದರೂ ತಟ್ಟೆಯನ್ನೆತ್ತಿಕೊಂಡು ಹೊರಗೆ ಹೋದಳು. ವಾಸನೆ ಹೋಗಲಿಲ್ಲ.

ಡಾಬು ಕೊನೆಯ ಕೊಂಡಿಗೆ ಸಿಕ್ಕಿಸಿದರೂ ಕೆಳಗೆ ಜಾರುತ್ತಿತ್ತು. ಹೋದ ತಿಂಗಳು ಬಿಗಿಯಾಗಿದ್ದ ರವಿಕೆಗೆ ಈಗ ಎರಡೂ ಕಡೆ ಪಿನ್ನು. “ಎಷ್ಟು ತೆಳ್ಳಗಾಗಿದಾಳ್ರೀ ಧೃತಿ! ರಂಗಪ್ರವೇಶಕ್ಕೆ ಅಂತ ಡಯಟ್ಟಾ?” ಎಂದು ಬಂದವರೆಲ್ಲ ಹೊಗಳಿದ್ದರು. ಲತಾಶ್ರೀಯೂ ಹಿಗ್ಗಿದ್ದಳು. ಧೃತಿ ದೊಡ್ಡ ಬಾಟಲಿಯ ನೀರನ್ನು ಗಟಗಟನೆ ಕುಡಿದು ಮುಗಿಸಿ, ಖಾಲಿ ಬಾಟಲಿಯನ್ನು ಇನ್ನೂ ತುಟಿಗೆ ಒತ್ತಿಕೊಂಡೇ ಇದ್ದಳು.

“ಅಮ್ಮಾ, ಐ ಆಮ್ ಸ್ಟಿಲ್ ಥರ್ಸ್ಟಿ.”

ಆ ಮಾತಿನ ಜೊತೆಗೇ ವಾಸನೆ ಲತಾಶ್ರೀಯ ಮುಖಕ್ಕೆ ಬಡಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದ ತಮ್ಮನ ಉಸಿರಿನಲ್ಲೂ ಇದೇ ಇತ್ತು, ಮಾಗಿ ಮೀರಿದ ಹಣ್ಣಿನ ಸಿಹಿ. ಅವನಿಗೆ ಶುಗರ್ ಇದೆಯೆಂದು ಮನೆಯವರಿಗೆ ಗೊತ್ತಾದದ್ದೇ ಅಲ್ಲಿ. ಆಗ ತಡವಾಗಿತ್ತು.

ವೇದಿಕೆಯಿಂದ ಮೃದಂಗ ಕೇಳಿಸಿತು. ವಸುಧಾ ಬಾಗಿಲಲ್ಲಿ ಇಣುಕಿ, “ಗೆಜ್ಜೆ ಕಟ್ಟಿದ್ದಾಯ್ತಾ? ಎಲ್ಲರೂ ಕಾಯ್ತಿದಾರೆ” ಎಂದಳು.

“ನೈನ್ ಒನ್ ಒನ್‌ಗೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ, ವಸುಧಾ. ಈಗ್ಲೇ.”

ಲತಾಶ್ರೀ ನೆಲದ ಮೇಲೆ ಕುಳಿತು ಮಗಳ ಕಾಲಿನ ಗೆಜ್ಜೆ ಬಿಚ್ಚತೊಡಗಿದಳು. ಈ ದಿನಕ್ಕಾಗಿ ವರ್ಷಗಟ್ಟಲೆ ಕುಣಿದಿದ್ದ ಹುಡುಗಿ ಇನ್ನೊಂದು ಕಾಲನ್ನೂ ತಾನೇ ಮುಂದೆ ಚಾಚಿದಳು.