ಮಂಜುಗಡ್ಡೆ ಒಡೆಯುವ ಮಾತು

ವತ್ಸಲಾ ಬಾಗಿಲು ತಟ್ಟಿ, ಒಳಗಿನಿಂದ "ಬನ್ನಿ" ಎಂಬ ದನಿ ಕೇಳಿದ ಮೇಲೆಯೇ ಕೋಣೆಗೆ ಕಾಲಿಟ್ಟಳು. ಕಿಟಕಿಯ ಬಳಿ ಕೂತಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಅವಳನ್ನು ಅನುಮಾನದಿಂದ ನೋಡಿದರು. ಅವಳು ಎದುರಿನ ಕುರ್ಚಿಯಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಸರ್, ಹೊಸಬರ ಹತ್ತಿರ ಮಾತು ಶುರು ಮಾಡೋದಕ್ಕೆ 'ಬ್ರೇಕ್ ದಿ ಐಸ್' ಅಂತಾರಲ್ಲ, ಯಾಕೆ?"

ಮೇಷ್ಟ್ರ ಮುಖ ಅರಳಿತು. "ಚಳಿದೇಶಗಳಲ್ಲಿ ನದಿ ಹೆಪ್ಪುಗಟ್ಟಿದರೆ ಹಡಗು ಮುಂದಕ್ಕೆ ಹೋಗೋಲ್ಲಮ್ಮ. ಮೊದಲು ಯಾರಾದರೂ ಮಂಜುಗಡ್ಡೆ ಒಡೆದು ದಾರಿ ಮಾಡಬೇಕು. ಮನುಷ್ಯರ ನಡುವೆಯೂ ಹಾಗೇನೇ."

ಅವರು ನಕ್ಕಾಗ ವತ್ಸಲಾಳೂ ನಕ್ಕಳು. ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ.

"ಎಷ್ಟು ಆಸಕ್ತಿಯಿಂದ ಕೇಳ್ತೀರಿ," ಎಂದರು ಮೇಷ್ಟ್ರು. "ನಿಮ್ಮ ಯಜಮಾನರಿಗೂ ಇಂಥದ್ದೆಲ್ಲ ಇಷ್ಟವೇ?"

"ತುಂಬಾ ಇಷ್ಟ ಸರ್. ಮದುವೆಯಾದ ಹೊಸದರಲ್ಲಿ ನಾನು ನಾಚಿಕೊಂಡು ಸುಮ್ಮನಿದ್ದಾಗ, ಇದೇ ಕಥೆ ಹೇಳಿ ನನ್ನನ್ನು ಮಾತಾಡಿಸಿದ್ದರು."

ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಸ್ವಲ್ಪ ಹೊತ್ತು ಏನನ್ನೋ ಯೋಚಿಸಿದರು. ವತ್ಸಲಾ ಅವರ ಮುಖವನ್ನೇ ನೋಡುತ್ತಾ ಕಾದಳು.

"ಹಾಗಾದರೆ ನಾಳೆ ಅವರನ್ನೂ ಕರೆದುಕೊಂಡು ಬನ್ನಿ," ಎಂದರು ಅವಳ ಗಂಡ.