ಸಮಾನತಾ ವಿಭಾಗದ ಕುರ್ಚಿ

ಅಸ್ಪೃಶ್ಯತೆಯ ವಿರುದ್ಧ ಕಾಯಿದೆ, ನೀತಿ ಎಂದು ಓಡಾಡಿಯೇ ತಲೆ ನರೆಸಿಕೊಂಡ ಪೂರ್ಣಿಮಾ ಹೆಬ್ಬಾರ್ ಕೊನೆಗೂ ಸರ್ಕಾರದ ಸಮಾನತಾ ವಿಭಾಗಕ್ಕೆ ನಿರ್ದೇಶಕಿಯಾಗಿ ಬಂದರು. ಕೋಣೆಯ ಬಾಗಿಲು ತೆರೆದರೆ ನಾತ ಗಪ್ಪೆಂದು ಮೂಗಿಗೆ ಬಡಿಯಿತು.

“ಏನ್ರೀ ಇದು ವಾಸನೆ?”

“ಗಂಜಲ, ಮೇಡಂ,” ಸೂಪರಿಂಟೆಂಡೆಂಟರು ದನಿ ತಗ್ಗಿಸಿದರು. “ಹಿಂದಿದ್ದ ಸಾಹೇಬ್ರು ಆ ಜಾತಿಯೋರು ನೋಡಿ. ಅದೇ ಕುರ್ಚೀಲಿ ನೀವು ಹೇಗೆ ಕೂತ್ಕೋತೀರಿ ಅಂತ ನಾನೇ ಮನೆಯಿಂದ ತಂದು ಚಿಮುಕಿಸ್ದೆ. ಬೋರ್ಡಲ್ಲಿ ಹೆಬ್ಬಾರ್ ಅಂತ ನೋಡಿ ಎಷ್ಟು ಸಮಾಧಾನ ಆಯ್ತು ಅಂತೀರಿ!”

ಪೂರ್ಣಿಮಾ ಮೂಗಿಗೆ ಕರ್ಚೀಫು ಹಿಡಿದು, ಆ ಒದ್ದೆ ಕುರ್ಚಿಯ ಮೇಲೇ ಕುಳಿತರು.

“ಹೆಬ್ಬಾರ್ ಅನ್ನೋದು ನನ್ನ ಗಂಡನ ಮನೆ ಹೆಸರು. ಉಳಿದಿರೋ ಗಂಜಲ ಚೆಲ್ಬೇಡಿ. ನಾನು ಎದ್ದು ಹೋದ್ಮೇಲೂ ನಿಮಗೆ ಬೇಕಾಗುತ್ತೆ.”