ಚಿಟಿಕೆ ಇಂಗು ಮತ್ತು ಶುಭದಾಳ ಬ್ಲಾಗ್

ದಾವಣಗೆರೆಯ ಶುಭದಾಳ ಮಗ ತನ್ಮಯನಿಗೆ ಗೋಧಿ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ ದಿನ, ಅವಳಿಗೆ ಆ ಕಾಯಿಲೆಯ ಹೆಸರು ಹೇಳಲೂ ನಾಲಿಗೆ ತಿರುಗುತ್ತಿರಲಿಲ್ಲ.

ಸೀಲಿಯಾಕ್... ಚಪಾತಿ, ರವೆ, ಮೈದಾ, ಶಾವಿಗೆ ಎಲ್ಲ ಬಂದ್. ಗೋಧಿ ಒಂದಿಷ್ಟು ಹೊಟ್ಟೆಗೆ ಹೋದರೂ ಮಗುವಿನ ಕರುಳಿಗೆ ಪೆಟ್ಟು.

ಕನ್ನಡದಲ್ಲಿ ಓದೋಣವೆಂದರೆ ಅವಳಿಗೆ ಹೆಚ್ಚೇನೂ ಸಿಗಲಿಲ್ಲ. ತಾನು ಕಲಿಯುತ್ತಿರುವುದನ್ನೇ ಬರೆದರೆ ತನ್ನಂಥ ಇನ್ನೊಬ್ಬ ತಾಯಿಗೆ ಉಪಯೋಗವಾದೀತು ಎಂದುಕೊಂಡು ಒಂದು ಬ್ಲಾಗ್ ಶುರು ಮಾಡಿದಳು.

ಮೊದಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದಳು. ಇವತ್ತು ರಾಗಿ ದೋಸೆ ಹರಿದುಹೋಯಿತು, ಯಾಕೆಂದು ಗೊತ್ತಾಗಲಿಲ್ಲ... ಹೀಗೆ.

ಓದುವವರು ಹೆಚ್ಚಾದರು. ಯಾರೋ ‘ಮೇಡಂ’ ಎಂದರು. ಇನ್ಯಾರೋ, ನೀವು ಡಯೆಟಿಷಿಯನ್ನಾ ಎಂದು ಕೇಳಿದರು.

ಅವಳು ಹೌದು ಎನ್ನಲಿಲ್ಲ... ಅಲ್ಲ ಎಂದೂ ಹೇಳಲಿಲ್ಲ.

ಆಮೇಲಾಮೇಲೆ ‘ಗೊತ್ತಾಗಲಿಲ್ಲ’ ಎಂಬ ಮಾತೇ ಅವಳ ಬರಹದಲ್ಲಿ ಕಾಣದಾಯಿತು.

ಗದಗಿನ ನೀಲಾಂಬಿಕಾ ಆ ಬ್ಲಾಗನ್ನು ತಪ್ಪದೆ ಓದುತ್ತಿದ್ದರು. ಅವರ ಮಗಳು ಭುವನಾಳಿಗೂ ಅದೇ ಕಾಯಿಲೆ.

ಒಂದು ದಿನ ಬೇಳೆ ಸಾರಿನ ಪೋಸ್ಟ್ ಕೆಳಗೆ ಅವರು ಕೇಳಿದರು... ಒಗ್ಗರಣೆಗೆ ಇಂಗು ಹಾಕಲು ಬರೆದಿದ್ದೀರಿ, ಇಂಗಿನಲ್ಲಿ ಏನಾದರೂ ಬೆರೆಸಿರುತ್ತಾರಾ?

ಶುಭದಾಳಿಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಡಬ್ಬಿ ನೋಡಲೂ ಇಲ್ಲ. ಆದರೆ ಎಲ್ಲರೂ ಓದುವ ಜಾಗದಲ್ಲಿ ಗೊತ್ತಿಲ್ಲ ಎನ್ನುವುದು ಹೇಗೆ?

ಇಂಗು ಗಿಡದಿಂದ ಬರುವ ಅಂಟು, ಅದರಲ್ಲಿ ಗೋಧಿ ಎಲ್ಲಿಂದ ಬರುತ್ತದೆ, ನಾನು ಎಲ್ಲ ಓದಿಕೊಂಡೇ ಬರೆಯುವುದು... ಎಂದು ಉತ್ತರ ಕೊಟ್ಟಳು.

ನೀಲಾಂಬಿಕಾ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾದರು.

ಕೆಲವು ತಿಂಗಳ ನಂತರ ತನ್ಮಯನ ರಕ್ತ ಪರೀಕ್ಷೆಯಾಯಿತು. ರಿಪೋರ್ಟ್ ಸುಧಾರಿಸಿರಲೇ ಇಲ್ಲ.

ಆಸ್ಪತ್ರೆಯ ಡಯೆಟಿಷಿಯನ್ ಬೆಳಗಿನ ತಿಂಡಿಯಿಂದ ಹಿಡಿದು ಎಲ್ಲವನ್ನೂ ವಿಚಾರಿಸುತ್ತಾ ಒಗ್ಗರಣೆಗೆ ಬಂದರು. ಇಂಗು ಹಾಕ್ತೀರಾ ಎಂದರು. ಚಿಟಿಕೆಯಷ್ಟೇ ಎಂದಳು ಶುಭದಾ.

“ಡಬ್ಬಿ ಹಿಂದೆ ಏನು ಬರೆದಿದೆ ಅಂತ ಓದಿ. ಅಂಗಡೀಲಿ ಸಿಗೋ ಇಂಗಿಗೆ ಸುಮಾರು ಜನ ಮೈದಾ ಬೆರೆಸಿರ್ತಾರೆ.”

ಮನೆಗೆ ಬಂದು ಓದಿದಳು. ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು... ಗೋಧಿ ಹಿಟ್ಟು.

ಆ ಕ್ಷಣ ಅವಳಿಗೆ ಮೊದಲು ನೆನಪಾದದ್ದು ಮಗನಲ್ಲ. ಗದಗಿನ ಆ ಮಗುವೂ ಅಲ್ಲ. ಯಾರಾದರೂ ನೋಡುವ ಮೊದಲು ಬ್ಲಾಗಿನಲ್ಲಿ ಬರೆದದ್ದನ್ನು ತೆಗೆದುಬಿಡಬೇಕು ಎನ್ನಿಸಿತು.

ಇಂಗಿನ ಸಾಲು, ನೀಲಾಂಬಿಕಾ ಕೇಳಿದ ಪ್ರಶ್ನೆ, ತನ್ನ ಉತ್ತರ... ಎಲ್ಲ ಅಳಿಸಿದಳು. ಯಾರಿಗೂ ಏನೂ ಹೇಳಲಿಲ್ಲ.

ಅದೇ ವಾರ ನೀಲಾಂಬಿಕಾ ಅವರಿಂದ ಮೆಸೇಜ್ ಬಂತು.

ಭುವನಾಳ ಹೊಟ್ಟೆನೋವು ಹೋಗೇ ಇಲ್ಲವಂತೆ. ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದು ಡಾಕ್ಟರ್ ಹೇಳಿದರಂತೆ. ಮನೆಯಲ್ಲಂತೂ ಇಲ್ಲ, ಶಾಲೆಯಲ್ಲಿ ಕದ್ದು ಬಿಸ್ಕತ್ತು ತಿನ್ನುತ್ತಿದ್ದಾಳೆ, ಕೇಳಿದರೆ ಇಲ್ಲ ಅನ್ನುತ್ತಾಳೆ, ನಿನ್ನೆ ಹೊಡೆದುಬಿಟ್ಟೆ... ಮಕ್ಕಳು ಸುಳ್ಳು ಹೇಳುವುದನ್ನು ಹೇಗೆ ಬಿಡಿಸುವುದು, ಅದರ ಬಗ್ಗೆ ಒಂದು ಪೋಸ್ಟ್ ಬರೆಯಿರಿ ಎಂದು ಕೇಳಿದ್ದರು.

ಶುಭದಾಳ ಮುಖ ಕಿವಿಯವರೆಗೂ ಬಿಸಿಯಾಯಿತು. ನಂಬರ್ ಕೇಳಿ ಪಡೆದು ಫೋನ್ ಮಾಡಿದಳು.

“ನಿಮ್ಮ ಮಗಳು ಸುಳ್ಳು ಹೇಳ್ತಿಲ್ಲ. ತಪ್ಪು ನಂದು.”

ಇಂಗಿನ ವಿಷಯ ಹೇಳಿದಳು. ತಾನು ಡಯೆಟಿಷಿಯನ್ ಅಲ್ಲ, ಅವರ ಹಾಗೇ ಕಲಿಯುತ್ತಿರುವ ಒಬ್ಬ ತಾಯಿ ಎಂದಳು. ಗೊತ್ತಿಲ್ಲದೆ ಬರೆದದ್ದು, ಗೊತ್ತಾದ ಮೇಲೆ ಕದ್ದು ಅಳಿಸಿದ್ದು... ಅದನ್ನೂ ಹೇಳಿದಳು.



ಆಮೇಲೆ ಫೋನ್ ಕಟ್ ಮಾಡದೆಯೇ ನೀಲಾಂಬಿಕಾ ಮಗಳನ್ನು ಕರೆದದ್ದು ಕೇಳಿಸಿತು.

“ಭುವನಾ, ನೀ ಬಿಸ್ಕೀಟ ತಿಂದಿದ್ದಿಲ್ಲೇನವಾ?”

“ಇಲ್ಲವ್ವಾ... ಆಗಲೇ ಹೇಳಿದ್ನಲ್ಲಾ.”

ತಾಯಿ ಬಿಕ್ಕಿ ಬಿಕ್ಕಿ ಅಳತೊಡಗಿದರು. ಶುಭದಾಳಿಗೆ ಸಮಾಧಾನ ಹೇಳುವ ಮುಖವಿರಲಿಲ್ಲ, ಫೋನ್ ಇಡುವ ಧೈರ್ಯವೂ ಇರಲಿಲ್ಲ. ಕೇಳಿಸಿಕೊಳ್ಳುತ್ತಾ ನಿಂತಳು.

ಅಳು ತಗ್ಗಿದ ಮೇಲೆ ನೀಲಾಂಬಿಕಾ ಮಾತಾಡಿದರು.

“ಹೊಡದ ಕೈ ನಂದ ಐತ್ರಿ ಅಕ್ಕಾರ, ನಿಮಗೇನ ಅನ್ನಲಿ... ಆದ್ರ ನೀವು ಅಳಸಬಾರದಿತ್ತು. ನನ್ನಂಗ ಇನ್ನೂ ಎಷ್ಟ ಮಂದಿ ಅದನ್ನ ಓದಿ ಅಡಿಗಿ ಮಾಡಾಕತ್ತಾರೋ... ಅವರಿಗೆ ಹೆಂಗ ಗೊತ್ತಾಗಬೇಕ್ರಿ?”

ಶುಭದಾ ಅಂದೇ ಬರೆದಳು. ಏನನ್ನೂ ಮುಚ್ಚಿಡದೆ.

ನಾನು ತಜ್ಞೆಯಲ್ಲ, ಕಲಿಯುತ್ತಿದ್ದೇನೆ. ಇಂಗಿನ ಬಗ್ಗೆ ತಪ್ಪು ಬರೆದೆ. ನನ್ನ ಮಾತು ನಂಬಿ ಒಂದು ಮಗು ನೋವು ತಿಂದಿತು, ಏಟೂ ತಿಂದಿತು. ದಯವಿಟ್ಟು ಈಗಲೇ ನಿಮ್ಮ ಮನೆಯ ಡಬ್ಬಿ ತೆಗೆದು ಓದಿ...

ಕೆಲವರು ಬೈದರು. ಕೆಲವರು ಬ್ಲಾಗ್ ಓದುವುದನ್ನೇ ಬಿಟ್ಟರು. ಅವಳು ಯಾರಿಗೂ ಸಮಜಾಯಿಷಿ ಕೊಡಲಿಲ್ಲ.

ಆದರೆ ಒಬ್ಬೊಬ್ಬರಾಗಿ ಬರೆಯತೊಡಗಿದರು... ನಮ್ಮ ಡಬ್ಬಿಯಲ್ಲೂ ಇತ್ತು. ನಮ್ಮ ಮನೆಯಲ್ಲೂ ಮಗುವನ್ನೇ ಅನುಮಾನಿಸಿದ್ದೆವು.

ತಿಂಗಳುಗಳು ಕಳೆದವು. ಒಂದು ಮಧ್ಯಾಹ್ನ ನೀಲಾಂಬಿಕಾ ಅವರ ವಾಯ್ಸ್ ಮೆಸೇಜ್ ಬಂತು.

“ಅಕ್ಕಾರ, ಇವತ್ತ ಭುವನಾ ತಾನಾಗೇ ಕೇಳಿ ಇನ್ನೊಂದ ಜ್ವಾಳದ ರೊಟ್ಟಿ ಹಾಕಿಸ್ಕೊಂಡ್ಳರಿ. ನಿಮಗ ಹೇಳಬೇಕನಸ್ತು.”

ಶುಭದಾ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾಚಿಕೆ ಹೋಗಿರಲಿಲ್ಲ... ಆದರೂ ಆ ಮೆಸೇಜನ್ನು ಮತ್ತೆ ಮತ್ತೆ ಕೇಳಿದಳು.

ಕಲಿಯುವವರು ತಪ್ಪಬಹುದು... ಆದರೆ ನಮ್ಮನ್ನು ನಂಬಿದವರಿಂದ ಆ ತಪ್ಪನ್ನು ಮುಚ್ಚಿಡಬಾರದು.

ಗೊತ್ತಿಲ್ಲದೆಯೂ ಗೊತ್ತಿದೆ ಎಂದು ನಾವು ಹೇಳಿಬಿಟ್ಟ ಯಾವ ಮಾತನ್ನು, ಯಾರು ಇವತ್ತಿಗೂ ನಂಬಿಕೊಂಡಿದ್ದಾರೋ... ಅವರಿಗೊಂದು ಫೋನ್ ಮಾಡೋಣವೇ?